ಮೈಕ್ರೊಕಂಟ್ರೋಲರ್ ಬೋರ್ಡ್‌ಗಳ ನಡುವಿನ ಸರಣಿ ಸಂವಹನ

ಮೈಕ್ರೊಕಂಟ್ರೋಲರ್ ಬೋರ್ಡ್‌ಗಳ ನಡುವಿನ ಸರಣಿ ಸಂವಹನ ಎಂದರೆ ಆರ್ಡುಯಿನೊ, ಇಎಸ್‌ಪಿ32, ರಾಸ್‌ಬೆರಿ ಪೈ ಪಿಕೊ ಮುಂತಾದ ಎರಡು ಹವ್ಯಾಸಿ ಬೋರ್ಡ್‌ಗಳು ಕೆಲವೇ ತಂತಿಗಳ ಮೂಲಕ, ಒಂದರ ಹಿಂದೆ ಒಂದರಂತೆ ಬಿಟ್‌ಗಳನ್ನು ಕಳುಹಿಸಿ ಮಾಹಿತಿ ವಿನಿಮಯ ಮಾಡಿಕೊಳ್ಳುವ ವಿಧಾನ. ಇದಕ್ಕೆ ಸೀರಿಯಲ್ ಸಂವಹನ ಎಂಬ ಹೆಸರೂ ಬಳಕೆಯಲ್ಲಿದೆ. ಈ ಕೆಲಸವನ್ನು ಮೈಕ್ರೊಕಂಟ್ರೋಲರ್‌ನ ಒಳಗಿರುವ ಯುಎಆರ್‌ಟಿ ಎಂಬ ವಿಭಾಗವು ನಿರ್ವಹಿಸುತ್ತದೆ. ಸಾರ್ವತ್ರಿಕ ಅಸಮಕಾಲಿಕ ಗ್ರಾಹಕ-ಪ್ರೇಷಕ ಎಂಬುದು ಈ ಹೆಸರಿನ ವಿಸ್ತೃತ ಅರ್ಥ.

ಈ ವಿಧಾನದಲ್ಲಿ ಎರಡು ಬೋರ್ಡ್‌ಗಳ ನಡುವೆ ಕಾಲವನ್ನು ಸೂಚಿಸುವ ಪ್ರತ್ಯೇಕ ತಂತಿ ಇರುವುದಿಲ್ಲ. ಪ್ರತಿಯೊಂದು ಬೋರ್ಡ್ ತನ್ನದೇ ಗಡಿಯಾರವನ್ನು ಅನುಸರಿಸುತ್ತದೆ. ಆದ್ದರಿಂದ ವೇಗ, ಬಿಟ್‌ಗಳ ಸಂಖ್ಯೆ, ವೋಲ್ಟೇಜ್ ಮಟ್ಟ ಮತ್ತು ಸಂದೇಶದ ಸ್ವರೂಪವನ್ನು ಎರಡೂ ಬೋರ್ಡ್‌ಗಳಲ್ಲಿ ಮೊದಲೇ ಒಂದೇ ರೀತಿಯಲ್ಲಿ ನಿಗದಿಪಡಿಸಿರಬೇಕು. ಇವುಗಳಲ್ಲಿ ಒಂದು ಹೊಂದದಿದ್ದರೂ ಸಂವಹನ ಕೆಡುತ್ತದೆ. ವೋಲ್ಟೇಜ್ ಹೊಂದದಿದ್ದರೆ ಬೋರ್ಡ್ ಶಾಶ್ವತವಾಗಿ ಹಾಳಾಗಬಹುದು.

ಹಿನ್ನೆಲೆ

ಬಿಟ್‌ಗಳನ್ನು ಒಂದೇ ತಂತಿಯಲ್ಲಿ ಸಾಲಾಗಿ ಕಳುಹಿಸುವ ಪದ್ಧತಿ ಟೆಲಿಗ್ರಾಫ್ ಮತ್ತು ಟೆಲಿಪ್ರಿಂಟರ್‌ಗಳಿಂದ ಬಂದಿದೆ. ಸಂಜ್ಞಾ ವೇಗದ ಮಾನವಾದ ಬಾಡ್‌ಗೆ ಫ್ರಾನ್ಸ್‌ನ ಟೆಲಿಗ್ರಾಫ್ ಎಂಜಿನಿಯರ್ ಎಮಿಲ್ ಬಾಡೊ ಅವರ ಹೆಸರನ್ನು ಇಡಲಾಗಿದೆ. ಪ್ರತಿ ಅಕ್ಷರದ ಮೊದಲು ಆರಂಭದ ಸಂಜ್ಞೆ ಮತ್ತು ಕೊನೆಯಲ್ಲಿ ವಿರಾಮದ ಸಂಜ್ಞೆ ಇರಬೇಕೆಂಬ ನಿಯಮವೂ ಟೆಲಿಪ್ರಿಂಟರ್‌ಗಳ ಕೊಡುಗೆಯೇ. ಗಣಕಯಂತ್ರಗಳಿಗೆ ಈ ಪದ್ಧತಿಯನ್ನು ಅಳವಡಿಸಿದ ಮೊದಲ ಯುಎಆರ್‌ಟಿ ಮಂಡಲವನ್ನು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿ ಗಾರ್ಡನ್ ಬೆಲ್ ವಿನ್ಯಾಸಗೊಳಿಸಿದರು. 1970ರ ದಶಕದ ಆರಂಭದಲ್ಲಿ ಅದು ಒಂದೇ ಚಿಪ್‌ನ ರೂಪದಲ್ಲಿ ಮಾರುಕಟ್ಟೆಗೆ ಬಂದಿತು. 1980ರಲ್ಲಿ ಇಂಟೆಲ್ ಬಿಡುಗಡೆ ಮಾಡಿದ 8051 ಮೈಕ್ರೊಕಂಟ್ರೋಲರ್‌ನಲ್ಲಿ ಸರಣಿ ಪೋರ್ಟ್ ಚಿಪ್‌ನ ಒಳಗೇ ಇತ್ತು. 2005ರಲ್ಲಿ ಇಟಲಿಯ ಇವ್ರೆಯಾ ಪಟ್ಟಣದಲ್ಲಿ ಆರಂಭವಾದ ಆರ್ಡುಯಿನೊ ಯೋಜನೆಯು ಈ ಸೌಲಭ್ಯವನ್ನು ವಿದ್ಯಾರ್ಥಿಗಳು ಸುಲಭವಾಗಿ ಬಳಸುವಂತೆ ಮಾಡಿತು.

ಕಾರ್ಯವಿಧಾನ

ಸಂದೇಶವಿಲ್ಲದಿರುವಾಗ ಕಳುಹಿಸುವ ತಂತಿಯು ಮೇಲಿನ ವೋಲ್ಟೇಜ್ ಮಟ್ಟದಲ್ಲಿ, ಅಂದರೆ 1ರ ಸ್ಥಿತಿಯಲ್ಲಿ ಇರುತ್ತದೆ. ಒಂದು ಬೈಟ್ ಕಳುಹಿಸಬೇಕಾದಾಗ ತಂತಿಯು ಒಂದು ಬಿಟ್‌ನಷ್ಟು ಕಾಲ 0ಗೆ ಇಳಿಯುತ್ತದೆ. ಇದು ಆರಂಭದ ಬಿಟ್. ಅದರ ನಂತರ ಎಂಟು ದತ್ತಾಂಶ ಬಿಟ್‌ಗಳು ಕಿರಿಯ ಸ್ಥಾನದಿಂದ ಹಿರಿಯ ಸ್ಥಾನದ ಕಡೆಗೆ ಹೊರಡುತ್ತವೆ. ಕೊನೆಯಲ್ಲಿ ತಂತಿಯು ಒಂದು ಬಿಟ್‌ನಷ್ಟು ಕಾಲ 1ರಲ್ಲಿ ನಿಲ್ಲುತ್ತದೆ. ಇದು ಅಂತ್ಯದ ಬಿಟ್. ಹೀಗೆ ಎಂಟು ಬಿಟ್‌ಗಳ ಒಂದು ಬೈಟ್ ತಂತಿಯ ಮೇಲೆ ಹತ್ತು ಬಿಟ್‌ಗಳ ಚೌಕಟ್ಟಾಗುತ್ತದೆ. ಅಗತ್ಯವಿದ್ದರೆ ದೋಷ ಪತ್ತೆಗಾಗಿ ಪ್ಯಾರಿಟಿ ಬಿಟ್ ಒಂದನ್ನು ಸೇರಿಸಬಹುದು. ಹವ್ಯಾಸಿ ಬೋರ್ಡ್‌ಗಳಲ್ಲಿ ಎಂಟು ದತ್ತಾಂಶ ಬಿಟ್, ಪ್ಯಾರಿಟಿ ಇಲ್ಲ, ಒಂದು ಅಂತ್ಯದ ಬಿಟ್ ಎಂಬುದೇ ರೂಢಿಯ ವಿನ್ಯಾಸ.

ಉದಾಹರಣೆಗೆ 224 ಎಂಬ ಬೈಟ್‌ನ ದ್ವಿಮಾನ ರೂಪ 11100000. ಇದನ್ನು ಕಳುಹಿಸುವಾಗ ಆರಂಭದ ಬಿಟ್ ಸೇರಿ ಆರು ಬಿಟ್‌ಗಳ ಕಾಲ ತಂತಿಯು 0ರಲ್ಲಿಯೂ, ಅಂತ್ಯದ ಬಿಟ್ ಸೇರಿ ನಾಲ್ಕು ಬಿಟ್‌ಗಳ ಕಾಲ 1ರಲ್ಲಿಯೂ ಇರುತ್ತದೆ. 9600 ಬಾಡ್ ವೇಗದಲ್ಲಿ ಒಂದು ಬಿಟ್‌ನ ಅವಧಿ ಸುಮಾರು 104 ಮೈಕ್ರೊಸೆಕೆಂಡ್. ಹಾಗಾಗಿ ಒಂದು ಬೈಟ್‌ಗೆ ಸುಮಾರು 1.04 ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ ಗರಿಷ್ಠ 960 ಬೈಟ್‌ಗಳನ್ನು ಕಳುಹಿಸಬಹುದು. 115200 ಬಾಡ್‌ನಲ್ಲಿ ಈ ಮಿತಿ ಸೆಕೆಂಡಿಗೆ 11520 ಬೈಟ್.

ಪಡೆಯುವ ಬೋರ್ಡ್ ತಂತಿಯು 1ರಿಂದ 0ಗೆ ಇಳಿದ ಕ್ಷಣವನ್ನು ಗುರುತಿಸಿ, ಅಲ್ಲಿಂದ ತನ್ನ ಗಡಿಯಾರದಂತೆ ಎಣಿಸಿ, ಪ್ರತಿ ಬಿಟ್‌ನ ನಡುಭಾಗದಲ್ಲಿ ತಂತಿಯ ಸ್ಥಿತಿಯನ್ನು ಓದುತ್ತದೆ. ಪ್ರತಿ ಹೊಸ ಬೈಟ್‌ನ ಆರಂಭದ ಬಿಟ್ ಬಂದಾಗ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆದ್ದರಿಂದ ಎರಡು ಗಡಿಯಾರಗಳ ನಡುವಿನ ಅಂತರವು ಒಂದು ಬೈಟ್‌ನಿಂದ ಮುಂದಿನ ಬೈಟ್‌ಗೆ ಸಂಗ್ರಹವಾಗುವುದಿಲ್ಲ.

ಬಾಡ್ ದರದ ದೋಷ

ಅಂತ್ಯದ ಬಿಟ್‌ನ ನಡುಭಾಗವು ಚೌಕಟ್ಟಿನ ಆರಂಭದಿಂದ ಒಂಬತ್ತೂವರೆ ಬಿಟ್‌ಗಳಷ್ಟು ದೂರದಲ್ಲಿದೆ. ಅಷ್ಟರಲ್ಲಿ ಎರಡು ಗಡಿಯಾರಗಳ ನಡುವಿನ ವ್ಯತ್ಯಾಸವು ಅರ್ಧ ಬಿಟ್ ಮೀರಿದರೆ ಓದಿದ ಬಿಟ್ ತಪ್ಪಾಗುತ್ತದೆ. ಈ ಲೆಕ್ಕದಂತೆ ಒಟ್ಟು ವ್ಯತ್ಯಾಸ ಸುಮಾರು ಶೇಕಡಾ 5ಕ್ಕಿಂತ ಕಡಿಮೆ ಇರಬೇಕು. ಎರಡೂ ಕಡೆಯ ದೋಷಗಳು ಕೂಡಿಕೊಳ್ಳಬಹುದಾದ್ದರಿಂದ ಪ್ರತಿ ಬೋರ್ಡ್‌ನ ದೋಷವನ್ನು ಶೇಕಡಾ 2ರ ಆಸುಪಾಸಿಗೆ ಸೀಮಿತಗೊಳಿಸುವುದು ಸುರಕ್ಷಿತ.

ಬಾಡ್ ದರವನ್ನು ಮುಖ್ಯ ಗಡಿಯಾರವನ್ನು ಪೂರ್ಣಾಂಕದಿಂದ ಭಾಗಿಸಿ ಪಡೆಯುವುದರಿಂದ ಎಲ್ಲ ದರಗಳೂ ನಿಖರವಾಗಿ ದೊರೆಯುವುದಿಲ್ಲ. 16 ಮೆಗಾಹರ್ಟ್ಸ್ ಗಡಿಯಾರವಿರುವ ಆರ್ಡುಯಿನೊ ಊನೊದಲ್ಲಿ 9600 ಎಂದು ಸೂಚಿಸಿದಾಗ ವಾಸ್ತವವಾಗಿ 9615 ಬಾಡ್ ದೊರೆಯುತ್ತದೆ. ದೋಷ ಶೇಕಡಾ 0.16 ಮಾತ್ರ. 115200 ಎಂದು ಸೂಚಿಸಿದಾಗ 117647 ದೊರೆಯುತ್ತದೆ. ದೋಷ ಶೇಕಡಾ 2.1. ಕಲಿಕೆಯ ಪ್ರಯೋಗಗಳಲ್ಲಿ 9600 ಬಾಡ್ ರೂಢಿಯಲ್ಲಿ ಉಳಿದಿರುವುದಕ್ಕೆ ಇದೂ ಒಂದು ಕಾರಣ.

8051 ಆಧಾರಿತ ಬೋರ್ಡ್‌ಗಳಲ್ಲಿ 11.0592 ಮೆಗಾಹರ್ಟ್ಸ್ ಎಂಬ ವಿಚಿತ್ರವೆನಿಸುವ ಸಂಖ್ಯೆಯ ಸ್ಫಟಿಕ ಕಂಡುಬರಲು ಇದೇ ಲೆಕ್ಕ ಕಾರಣ. ಈ ಸಂಖ್ಯೆಯನ್ನು 12, 32 ಮತ್ತು 3ರಿಂದ ಕ್ರಮವಾಗಿ ಭಾಗಿಸಿದರೆ ನಿಖರವಾಗಿ 9600 ಬರುತ್ತದೆ. ಅದರ ಬದಲು 12 ಮೆಗಾಹರ್ಟ್ಸ್ ಸ್ಫಟಿಕ ಬಳಸಿದರೆ ಅದೇ ಭಾಗಾಕಾರದಿಂದ ಸುಮಾರು 10417 ಬರುತ್ತದೆ. ಶೇಕಡಾ 8.5ರಷ್ಟಿರುವ ಈ ದೋಷವು ಮೇಲೆ ಹೇಳಿದ ಮಿತಿಯನ್ನು ದಾಟುವುದರಿಂದ ಅಕ್ಷರಗಳು ಕೆಡುತ್ತವೆ. ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ, 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ 8051 ಮತ್ತು ಅದರ ಸರಣಿ ಪೋರ್ಟ್ ಸೇರಿದ್ದರಿಂದ ಕರ್ನಾಟಕದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಈ ಲೆಕ್ಕ ಪರಿಚಿತ. ಶಾಲಾ ಮಟ್ಟದಲ್ಲಿ, ನೀತಿ ಆಯೋಗದ ಅಟಲ್ ಇನ್ನೋವೇಷನ್ ಮಿಷನ್ ಅಡಿಯಲ್ಲಿ 6ರಿಂದ 12ನೇ ತರಗತಿಯವರಿಗಾಗಿ ನಡೆಯುವ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಇಂತಹ ಬೋರ್ಡ್‌ಗಳನ್ನು ಮಕ್ಕಳ ಕೈಗೆ ತಲುಪಿಸಿವೆ.

ತಂತಿಗಳ ಜೋಡಣೆ

ಯುಎಆರ್‌ಟಿ ಜೋಡಣೆಗೆ ಕನಿಷ್ಠ ಮೂರು ತಂತಿಗಳು ಬೇಕು.

1. ಮೊದಲ ಬೋರ್ಡ್‌ನ ಟಿಎಕ್ಸ್, ಅಂದರೆ ಕಳುಹಿಸುವ ಪಿನ್, ಎರಡನೆಯದರ ಆರ್‌ಎಕ್ಸ್, ಅಂದರೆ ಪಡೆಯುವ ಪಿನ್‌ಗೆ.
2. ಎರಡನೆಯ ಬೋರ್ಡ್‌ನ ಟಿಎಕ್ಸ್ ಮೊದಲನೆಯದರ ಆರ್‌ಎಕ್ಸ್‌ಗೆ.
3. ಎರಡೂ ಬೋರ್ಡ್‌ಗಳ ಗ್ರೌಂಡ್ ಪಿನ್‌ಗಳು ಒಂದಕ್ಕೊಂದು.

ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಎದುರಾಗಿರುವಂತೆ ಟಿಎಕ್ಸ್ ಮತ್ತು ಆರ್‌ಎಕ್ಸ್ ತಂತಿಗಳು ಅಡ್ಡಹಾಯುತ್ತವೆ. ಒಂದೇ ದಿಕ್ಕಿನಲ್ಲಿ ಮಾಹಿತಿ ಹರಿದರೆ ಸಾಕು ಎಂದಾದಲ್ಲಿ ಎರಡನೆಯ ತಂತಿಯನ್ನು ಬಿಡಬಹುದು. ಗ್ರೌಂಡ್ ತಂತಿಯನ್ನು ಮಾತ್ರ ಬಿಡಲಾಗದು. ವೋಲ್ಟೇಜ್ ಎಂಬುದು ಎರಡು ಬಿಂದುಗಳ ನಡುವಿನ ವ್ಯತ್ಯಾಸ. ಸಮಾನ ಆಧಾರಬಿಂದು ಇಲ್ಲದಿದ್ದರೆ ಒಂದು ಬೋರ್ಡ್‌ನ 1 ಮತ್ತು 0 ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಎರಡೂ ಬೋರ್ಡ್‌ಗಳು ಒಂದೇ ಗಣಕಯಂತ್ರದ ಯುಎಸ್‌ಬಿ ಪೋರ್ಟ್‌ಗಳಿಂದ ವಿದ್ಯುತ್ ಪಡೆಯುತ್ತಿರುವಾಗ ಗ್ರೌಂಡ್ ಅಲ್ಲಿಯೇ ಕೂಡಿರುತ್ತದೆ. ಪ್ರಯೋಗದ ಮೇಜಿನ ಮೇಲೆ ಸರಿಯಾಗಿದ್ದ ಜೋಡಣೆಯು ಬೇರೆ ಬೇರೆ ಬ್ಯಾಟರಿಗಳಿಗೆ ಬದಲಾಯಿಸಿದ ಕೂಡಲೇ ಕೆಡುವುದಕ್ಕೆ ಇದೇ ಸಾಮಾನ್ಯ ಕಾರಣ.

ಆರ್ಡುಯಿನೊ ಊನೊದ 0 ಮತ್ತು 1ನೇ ಪಿನ್‌ಗಳು ಅದರ ಏಕೈಕ ಯುಎಆರ್‌ಟಿಗೆ ಸೇರಿದ್ದು, ಅದೇ ದಾರಿಯಲ್ಲಿ ಯುಎಸ್‌ಬಿ ಸಂಪರ್ಕವೂ ನಡೆಯುತ್ತದೆ. ಅಲ್ಲಿಗೆ ಇನ್ನೊಂದು ಬೋರ್ಡ್ ಜೋಡಿಸಿದ್ದರೆ ಪ್ರೋಗ್ರಾಂ ತುಂಬುವಾಗ ತೊಡಕಾಗುತ್ತದೆ. ಆದ್ದರಿಂದ ಊನೊದಲ್ಲಿ ಸಾಫ್ಟ್‌ವೇರ್‌ಸೀರಿಯಲ್ ಎಂಬ ಗ್ರಂಥಾಲಯದ ನೆರವಿನಿಂದ ಬೇರೆ ಎರಡು ಪಿನ್‌ಗಳನ್ನು ಬಳಸುವುದು ರೂಢಿ. ಆರ್ಡುಯಿನೊ ಮೆಗಾದಲ್ಲಿ ನಾಲ್ಕು, ಇಎಸ್‌ಪಿ32ರಲ್ಲಿ ಮೂರು, ಪಿಕೊದಲ್ಲಿ ಎರಡು ಯುಎಆರ್‌ಟಿಗಳಿವೆ. ಇಎಸ್‌ಪಿ32ರ ಮೊದಲ ಯುಎಆರ್‌ಟಿಯು ಬೋರ್ಡ್ ಎಚ್ಚರಗೊಳ್ಳುವಾಗ ತನ್ನದೇ ಸಂದೇಶಗಳನ್ನು ಹೊರಹಾಕುವುದರಿಂದ, ಇನ್ನೊಂದು ಬೋರ್ಡ್‌ಗೆ 16 ಮತ್ತು 17ನೇ ಪಿನ್‌ಗಳ ಮೂಲಕ ಎರಡನೇ ಸಂಖ್ಯೆಯ ಯುಎಆರ್‌ಟಿಯನ್ನು ಬಳಸುವುದು ಅನುಕೂಲ. ವ್ರೋವರ್ ಮಾಡ್ಯೂಲ್ ಇರುವ ಬೋರ್ಡ್‌ಗಳಲ್ಲಿ ಈ ಎರಡು ಪಿನ್‌ಗಳು ಮೆಮೊರಿಗೆ ಬಳಕೆಯಾಗುವುದರಿಂದ ಬೇರೆ ಪಿನ್‌ಗಳನ್ನು ಆರಿಸಿಕೊಳ್ಳಬೇಕು.

ವೋಲ್ಟೇಜ್ ಹೊಂದಾಣಿಕೆ

ಆರ್ಡುಯಿನೊ ಊನೊ 5 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಇಎಸ್‌ಪಿ32 ಮತ್ತು ಪಿಕೊ 3.3 ವೋಲ್ಟ್‌ನಲ್ಲಿ ಕೆಲಸ ಮಾಡುತ್ತವೆ. ಊನೊದ ಟಿಎಕ್ಸ್ ಪಿನ್‌ನಿಂದ ಬರುವ 5 ವೋಲ್ಟ್ ನೇರವಾಗಿ ಇಎಸ್‌ಪಿ32ರ ಪಿನ್‌ಗೆ ತಗುಲಿದರೆ ಅದರ ಸುರಕ್ಷಿತ ಮಿತಿ ಮೀರುತ್ತದೆ. ಕೆಲವೊಮ್ಮೆ ಬೋರ್ಡ್ ಕೂಡಲೇ ಕೆಡದೆ ಕೆಲವು ದಿನ ಕೆಲಸ ಮಾಡುವುದರಿಂದ ಈ ಜೋಡಣೆ ಸರಿಯೆಂಬ ತಪ್ಪು ಅಭಿಪ್ರಾಯ ಮೂಡುವುದುಂಟು.

ಇದನ್ನು ತಪ್ಪಿಸಲು ಎರಡು ರೋಧಕಗಳ ವಿಭಾಜಕ ಸಾಕು. ಊನೊದ ಟಿಎಕ್ಸ್‌ನಿಂದ 1 ಕಿಲೋಓಮ್ ರೋಧಕದ ಮೂಲಕ ಇಎಸ್‌ಪಿ32ರ ಆರ್‌ಎಕ್ಸ್‌ಗೆ ತಂತಿ ಹೋಗಬೇಕು. ಅದೇ ಆರ್‌ಎಕ್ಸ್ ಬಿಂದುವಿನಿಂದ ಗ್ರೌಂಡ್‌ಗೆ 2 ಕಿಲೋಓಮ್ ರೋಧಕ ಇರಬೇಕು. ಆಗ 5 ವೋಲ್ಟ್‌ನ ಮೂರನೇ ಎರಡು ಭಾಗ, ಅಂದರೆ ಸುಮಾರು 3.33 ವೋಲ್ಟ್ ಮಾತ್ರ ತಲುಪುತ್ತದೆ. ವಿರುದ್ಧ ದಿಕ್ಕಿನಲ್ಲಿ ವಿಭಾಜಕ ಬೇಕಿಲ್ಲ. ಊನೊದಲ್ಲಿರುವ ಎಟಿಮೆಗಾ328ಪಿ ಚಿಪ್ 5 ವೋಲ್ಟ್ ಪೂರೈಕೆಯಲ್ಲಿ 3 ವೋಲ್ಟ್ ಮತ್ತು ಅದಕ್ಕಿಂತ ಹೆಚ್ಚಿನದನ್ನು 1 ಎಂದು ಗುರುತಿಸುತ್ತದೆ; ಹಾಗಾಗಿ 3.3 ವೋಲ್ಟ್ ಸಾಕಾಗುತ್ತದೆ. ಆದರೆ ಉಳಿಯುವ ಅಂತರ 0.3 ವೋಲ್ಟ್ ಮಾತ್ರ. ತಂತಿ ಉದ್ದವಾಗಿದ್ದರೆ ಅಥವಾ ಹತ್ತಿರದಲ್ಲಿ ಮೋಟಾರ್‌ಗಳಿದ್ದರೆ ಮಟ್ಟ ಪರಿವರ್ತಕ ಮಾಡ್ಯೂಲ್ ಬಳಸುವುದು ಒಳಿತು.

ಹಳೆಯ ಗಣಕಯಂತ್ರಗಳ ಒಂಬತ್ತು ಪಿನ್‌ಗಳ ಆರ್‌ಎಸ್-232 ಪೋರ್ಟ್‌ಗೆ ಈ ಬೋರ್ಡ್‌ಗಳನ್ನು ನೇರವಾಗಿ ಜೋಡಿಸಬಾರದು. ಅಲ್ಲಿ 1 ಮತ್ತು 0 ಋಣ ಮತ್ತು ಧನ ವೋಲ್ಟೇಜ್‌ಗಳಾಗಿದ್ದು, ಬೋರ್ಡ್‌ಗಳ ಮಿತಿಯನ್ನು ಮೀರುತ್ತವೆ.

ಪ್ರೋಗ್ರಾಂ

ಆರ್ಡುಯಿನೊ ವಾತಾವರಣದಲ್ಲಿ ಎರಡೂ ಬೋರ್ಡ್‌ಗಳ ಆರಂಭಿಕ ಭಾಗದಲ್ಲಿ ಬಿಗಿನ್ ಎಂಬ ಆದೇಶಕ್ಕೆ ಒಂದೇ ಬಾಡ್ ದರವನ್ನು ಕೊಡಬೇಕು. ಕಳುಹಿಸುವ ಬೋರ್ಡ್ ಪ್ರಿಂಟ್‌ಎಲ್‌ಎನ್ ಆದೇಶದಿಂದ ಮೌಲ್ಯವನ್ನು ಬರೆದು ಸಾಲನ್ನು ಮುಗಿಸುತ್ತದೆ. ಪಡೆಯುವ ಬೋರ್ಡ್ ಅವೈಲೆಬಲ್ ಎಂಬ ಆದೇಶದಿಂದ ಬೈಟ್‌ಗಳು ಬಂದಿವೆಯೇ ಎಂದು ಪರೀಕ್ಷಿಸಿ, ರೀಡ್ ಆದೇಶದಿಂದ ಒಂದೊಂದಾಗಿ ಓದುತ್ತದೆ. ಸಾಲಿನ ಅಂತ್ಯವನ್ನು ಸೂಚಿಸುವ 10 ಎಂಬ ಬೈಟ್ ಬರುವವರೆಗೆ ಅವುಗಳನ್ನು ಕೂಡಿಸಿಟ್ಟುಕೊಂಡು, ಪೂರ್ಣ ಸಾಲು ದೊರೆತ ಮೇಲಷ್ಟೇ ಅದರ ಅರ್ಥ ಮಾಡಬೇಕು.

ಯುಎಆರ್‌ಟಿ ಬೈಟ್‌ಗಳನ್ನು ಮಾತ್ರ ಸಾಗಿಸುತ್ತದೆ; ಸಂದೇಶ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಿತು ಎಂಬುದು ಅದಕ್ಕೆ ತಿಳಿಯದು. 73 ಎಂಬ ಸಂಖ್ಯೆಯ ಹಿಂದೆಯೇ 41 ಎಂಬ ಸಂಖ್ಯೆಯನ್ನು ಬೇರ್ಪಡಿಸುವ ಗುರುತಿಲ್ಲದೆ ಕಳುಹಿಸಿದರೆ ಎದುರಿನ ಬೋರ್ಡ್‌ಗೆ 7341 ಎಂದು ಕಾಣುತ್ತದೆ. ಎಚ್ಚರಗೊಳ್ಳುವುದು ತಡವಾದ ಬೋರ್ಡ್‌ಗೆ ಸಂದೇಶದ ನಡುಭಾಗದಿಂದ ಬೈಟ್‌ಗಳು ಸಿಗಬಹುದು. ಸಾಲಿನ ಅಂತ್ಯದ ಗುರುತು ಇದ್ದರೆ, ಆ ಅಪೂರ್ಣ ಸಾಲನ್ನು ಬಿಟ್ಟು ಮುಂದಿನ ಸಾಲಿನಿಂದ ಹೊಂದಿಕೊಳ್ಳಲು ಸಾಧ್ಯವಾಗುತ್ತದೆ.

ಕನ್ನಡ ಪಠ್ಯದ ರವಾನೆ

ಕನ್ನಡ ಅಕ್ಷರಗಳನ್ನು ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕಳುಹಿಸುವಾಗ ಪ್ರತಿ ಸಂಕೇತಕ್ಕೆ ಮೂರು ಬೈಟ್‌ಗಳು ಬೇಕು. ಇಲ್ಲಿ ಸಂಕೇತ ಎಂದರೆ ಕಣ್ಣಿಗೆ ಕಾಣುವ ಪೂರ್ಣಾಕ್ಷರವಲ್ಲ. ವ್ಯಂಜನ, ಸ್ವರಚಿಹ್ನೆ ಮತ್ತು ಅನುಸ್ವಾರಗಳು ಪ್ರತ್ಯೇಕ ಸಂಕೇತಗಳು. ಬೆಳಗಾವಿ ಜಿಲ್ಲೆಯ ಕಿತ್ತೂರು ತಾಲ್ಲೂಕಿನ ಗ್ರಾಮವಾದ ದೇಗಾಂವದ ಹೆಸರನ್ನು ತೆಗೆದುಕೊಂಡರೆ, 'ದೇಗಾಂವ' ಎಂಬುದು ಓದುಗರಿಗೆ ಮೂರು ಅಕ್ಷರ. ಗಣಕಯಂತ್ರಕ್ಕೆ ಅದು ದ, ಏತ್ವ, ಗ, ಆತ್ವ, ಅನುಸ್ವಾರ, ವ ಎಂಬ ಆರು ಸಂಕೇತ. ತಂತಿಯ ಮೇಲೆ 18 ಬೈಟ್. 9600 ಬಾಡ್‌ನಲ್ಲಿ ಈ ಹೆಸರು ಸಾಗಲು 18.75 ಮಿಲಿಸೆಕೆಂಡ್ ಬೇಕು.

ಮೊದಲ ಸಂಕೇತವಾದ 'ದ' ದಶಮಾನದಲ್ಲಿ 224, 178, 166 ಎಂಬ ಮೂರು ಬೈಟ್‌ಗಳಾಗುತ್ತದೆ. ಕನ್ನಡದ ಎಲ್ಲ ಸಂಕೇತಗಳ ಮೊದಲ ಬೈಟ್ 224. ಎರಡನೆಯದು 178 ಅಥವಾ 179. ಇದರಿಂದ ಮೂರು ಪರಿಣಾಮಗಳು ಉಂಟಾಗುತ್ತವೆ.

ಮೊದಲನೆಯದಾಗಿ, ಈ ಬೈಟ್‌ಗಳೆಲ್ಲ 127ಕ್ಕಿಂತ ದೊಡ್ಡವು. ಏಳು ದತ್ತಾಂಶ ಬಿಟ್‌ಗಳ ವಿನ್ಯಾಸವನ್ನು ಆರಿಸಿದರೆ ಎಂಟನೇ ಬಿಟ್ ಕಳೆದುಹೋಗುತ್ತದೆ. ಆಗ ಇಂಗ್ಲಿಷ್ ಪಠ್ಯ ಸರಿಯಾಗಿಯೇ ಕಾಣುತ್ತದೆ, ಕನ್ನಡ ಪಠ್ಯ ಮಾತ್ರ ಪೂರ್ತಿಯಾಗಿ ಕೆಡುತ್ತದೆ. ಎರಡನೆಯದಾಗಿ, ಊನೊದ ಸ್ವೀಕಾರ ಬಫರ್‌ನ ಗಾತ್ರ 64 ಬೈಟ್. ಅದರಲ್ಲಿ ಒಮ್ಮೆಗೆ 63 ಬೈಟ್‌ಗಳು ಹಿಡಿಯುತ್ತವೆ. ಇದು 21 ಕನ್ನಡ ಸಂಕೇತಗಳಿಗೆ ಸಮ. ಪ್ರೋಗ್ರಾಂ ಬೇರೆ ಕೆಲಸದಲ್ಲಿದ್ದು ಓದಲು ತಡಮಾಡಿದರೆ ಹೆಚ್ಚಿನ ಬೈಟ್‌ಗಳು ಬಿದ್ದುಹೋಗುತ್ತವೆ. ನಡುವೆ ಒಂದು ಖಾಲಿ ಜಾಗ ಅಥವಾ ಅಲ್ಪವಿರಾಮವಿದ್ದರೂ ಒಂದು ಸಂಕೇತ ಅರ್ಧಕ್ಕೆ ತುಂಡಾಗುತ್ತದೆ. ಮೂರನೆಯದಾಗಿ, ಯುಟಿಎಫ್-8 ವಿನ್ಯಾಸದಲ್ಲಿ 10 ಎಂಬ ಬೈಟ್ ಯಾವ ಕನ್ನಡ ಸಂಕೇತದ ಒಳಗೂ ಬರುವುದಿಲ್ಲ. ಆದ್ದರಿಂದ ಸಾಲಿನ ಅಂತ್ಯವನ್ನೇ ಸಂದೇಶದ ಅಂತ್ಯವಾಗಿ ಬಳಸುವ ನಿಯಮ ಕನ್ನಡಕ್ಕೂ ಸುರಕ್ಷಿತ. ವೇಗ ಮುಖ್ಯವಾದಲ್ಲಿ ಬೋರ್ಡ್‌ಗಳ ನಡುವೆ ಸಂಖ್ಯೆಗಳನ್ನಷ್ಟೇ ಕಳುಹಿಸಿ, ಅದಕ್ಕೆ ಹೊಂದುವ ಕನ್ನಡ ವಾಕ್ಯವನ್ನು ಪರದೆಯಿರುವ ಬೋರ್ಡ್‌ನಲ್ಲಿಯೇ ಇಟ್ಟುಕೊಳ್ಳಬಹುದು.

ದೋಷ ಪತ್ತೆ

ತಂತಿಯ ಮೇಲಿನ ಗದ್ದಲದಿಂದ ಬಿಟ್ ಒಂದು ಬದಲಾದರೂ ಬೈಟ್ ಸಾಮಾನ್ಯವಾಗಿಯೇ ಕಾಣುತ್ತದೆ. ಅಂಕಿ 3ರ ಸಂಕೇತ 51. ಅದರಲ್ಲಿ ಒಂದು ಬಿಟ್ ತಿರುಗಿದರೆ 55, ಅಂದರೆ ಅಂಕಿ 7 ಆಗಬಹುದು. ಆಗ 73 ಎಂದು ಕಳುಹಿಸಿದ್ದು 77 ಎಂದು ತಲುಪುತ್ತದೆ. ಇದನ್ನು ಗುರುತಿಸಲು ಸಂದೇಶದ ಕೊನೆಗೆ ಪರೀಕ್ಷಾ ಮೊತ್ತವನ್ನು ಸೇರಿಸಲಾಗುತ್ತದೆ. 73ರ ಎರಡು ಅಂಕಿಗಳ ಸಂಕೇತಗಳಾದ 55 ಮತ್ತು 51ರ ಮೊತ್ತ 106. '73,106' ಎಂದು ಕಳುಹಿಸಿದ್ದು '77,106' ಆಗಿ ತಲುಪಿದರೆ, ಪಡೆದ ಬೋರ್ಡ್ ಮತ್ತೆ ಕೂಡಿದಾಗ 110 ಬರುವುದರಿಂದ ಆ ಸಂದೇಶವನ್ನು ತಿರಸ್ಕರಿಸುತ್ತದೆ. ಸರಳ ಮೊತ್ತಕ್ಕೆ ಮಿತಿಯೂ ಇದೆ: 73 ಮತ್ತು 37ರ ಮೊತ್ತ ಒಂದೇ ಆಗಿರುವುದರಿಂದ ಸ್ಥಾನಪಲ್ಲಟ ಪತ್ತೆಯಾಗದು. ಕೈಗಾರಿಕೆಗಳಲ್ಲಿ ಬಳಸುವ ಮಾಡ್‌ಬಸ್ ಮುಂತಾದ ನಿಯಮಾವಳಿಗಳಲ್ಲಿ ಇದಕ್ಕಾಗಿ ಸಿಆರ್‌ಸಿ ಎಂಬ ಹೆಚ್ಚು ದೃಢವಾದ ಲೆಕ್ಕ ಬಳಕೆಯಲ್ಲಿದೆ.

ದೂರ ಮತ್ತು ಹೊರಾಂಗಣ ಬಳಕೆ

ಬೋರ್ಡ್‌ಗಳ ನೇರ ಯುಎಆರ್‌ಟಿ ಜೋಡಣೆಯು ಒಂದೇ ಪೆಟ್ಟಿಗೆಯ ಒಳಗೆ ಅಥವಾ ಒಂದೇ ಮೇಜಿನ ಮೇಲೆ ಇರುವ ದೂರಗಳಿಗೆ ಸೂಕ್ತ. ಮಲಪ್ರಭಾ ನದಿ ಹರಿಯುವ ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯಂತಹ ಕೃಷಿ ಪ್ರದೇಶದಲ್ಲಿ ನೀರಿನ ತೊಟ್ಟಿಯ ಮಟ್ಟ ಅಳೆಯುವ ಬೋರ್ಡ್ ಒಂದು ಕಡೆ, ಪಂಪ್‌ಸೆಟ್ ನಿಯಂತ್ರಿಸುವ ಬೋರ್ಡ್ ಇನ್ನೊಂದು ಕಡೆ ಇದ್ದರೆ ನಡುವಿನ ದೂರ ನೂರಾರು ಮೀಟರ್ ಆಗಬಹುದು. ಇಂತಹ ಸಂದರ್ಭದಲ್ಲಿ ಅದೇ ಯುಎಆರ್‌ಟಿ ಸಂಜ್ಞೆಯನ್ನು ಆರ್‌ಎಸ್-485 ಮಾಡ್ಯೂಲ್‌ಗಳ ಮೂಲಕ ಸಾಗಿಸಲಾಗುತ್ತದೆ.

ಆರ್‌ಎಸ್-485 ವಿಧಾನದಲ್ಲಿ ಸಂಜ್ಞೆಯು ಹೆಣೆದ ಎರಡು ತಂತಿಗಳ ನಡುವಿನ ವೋಲ್ಟೇಜ್ ವ್ಯತ್ಯಾಸವಾಗಿ ಚಲಿಸುತ್ತದೆ. ಹೊರಗಿನ ಗದ್ದಲ ಎರಡೂ ತಂತಿಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಬೀಳುವುದರಿಂದ ವ್ಯತ್ಯಾಸ ಬದಲಾಗದು. ಕಡಿಮೆ ವೇಗದಲ್ಲಿ ಸುಮಾರು 1200 ಮೀಟರ್‌ವರೆಗೆ ಇದನ್ನು ಬಳಸಬಹುದು. ತಂತಿಯ ಎರಡೂ ತುದಿಗಳಲ್ಲಿ 120 ಓಮ್ ರೋಧಕ ಇರಬೇಕು. ಊನೊಗೆ 5 ವೋಲ್ಟ್‌ನ ಮ್ಯಾಕ್ಸ್485, ಇಎಸ್‌ಪಿ32ಕ್ಕೆ 3.3 ವೋಲ್ಟ್‌ನ ಮ್ಯಾಕ್ಸ್3485 ಮಾಡ್ಯೂಲ್ ಹೊಂದುತ್ತದೆ. ಎರಡು ತಂತಿಗಳ ಈ ಜೋಡಣೆಯಲ್ಲಿ ಒಂದು ಸಮಯಕ್ಕೆ ಒಂದೇ ಬೋರ್ಡ್ ಮಾತನಾಡಬಹುದು. ಕಳುಹಿಸಿದ ಬೋರ್ಡ್ ತನ್ನ ಕೊನೆಯ ಬೈಟ್ ಪೂರ್ತಿಯಾಗಿ ಹೊರಟ ಮೇಲೆಯೇ ತಂತಿಯನ್ನು ಬಿಟ್ಟುಕೊಡಬೇಕು.

ಪಂಪ್‌ಸೆಟ್‌ನಂತಹ ಬಳಕೆಯಲ್ಲಿ ಸಂದೇಶ ಬಾರದಿರುವುದನ್ನೂ ಒಂದು ಸೂಚನೆಯಾಗಿ ಪರಿಗಣಿಸಬೇಕು. 'ಮೋಟಾರ್ ಚಾಲೂ' ಎಂಬ ಸಂದೇಶ ತಲುಪಿದ ನಂತರ ತಂತಿ ತುಂಡಾದರೆ 'ಬಂದ್' ಎಂಬ ಸಂದೇಶ ಎಂದಿಗೂ ತಲುಪದು. ಕೊನೆಯ ಆದೇಶವನ್ನೇ ಪಾಲಿಸುವ ಬೋರ್ಡ್ ಬಾವಿ ಬತ್ತಿದರೂ ಮೋಟಾರನ್ನು ಓಡಿಸುತ್ತದೆ. ಇದನ್ನು ತಪ್ಪಿಸಲು ಕಳುಹಿಸುವ ಬೋರ್ಡ್ ಸೆಕೆಂಡಿಗೊಮ್ಮೆ ಸ್ಥಿತಿಯನ್ನು ತಿಳಿಸುತ್ತಿರಬೇಕು. ಐದು ಸೆಕೆಂಡಿನವರೆಗೆ ಸರಿಯಾದ ಸಂದೇಶ ಬಾರದಿದ್ದರೆ ಪಡೆಯುವ ಬೋರ್ಡ್ ತಾನಾಗಿಯೇ ಮೋಟಾರನ್ನು ನಿಲ್ಲಿಸುವಂತೆ ಪ್ರೋಗ್ರಾಂ ಇರಬೇಕು.

ಕೃಷಿ ಪಂಪ್‌ಸೆಟ್‌ಗಳಿಗೆ ತ್ರೀಫೇಸ್ ವಿದ್ಯುತ್ ನಿಗದಿತ ವೇಳೆಯಲ್ಲಿ ಮಾತ್ರ ದೊರೆಯುವ ಕಡೆಗಳಲ್ಲಿ ಎರಡು ಬೋರ್ಡ್‌ಗಳು ಬೇರೆ ಬೇರೆ ಸಮಯಕ್ಕೆ ಎಚ್ಚರಗೊಳ್ಳಬಹುದು. ವಿದ್ಯುತ್ ಮರಳಿದಾಗ ಮೋಟಾರ್ ಬಂದ್ ಸ್ಥಿತಿಯಲ್ಲಿಯೇ ಇದ್ದು, ಪರೀಕ್ಷಾ ಮೊತ್ತ ಹೊಂದಿದ ಹೊಸ ಸಂದೇಶ ಬಂದ ಬಳಿಕವೇ ಚಾಲೂ ಆಗಬೇಕು. ನೇರ ಜೋಡಣೆಯಲ್ಲಿ ಒಂದು ಬೋರ್ಡ್‌ಗೆ ವಿದ್ಯುತ್ ಇಲ್ಲದಿರುವಾಗ ಇನ್ನೊಂದರ ಟಿಎಕ್ಸ್ ತಂತಿಯ ಮೂಲಕವೇ ಅದಕ್ಕೆ ಅಲ್ಪ ವಿದ್ಯುತ್ ಹರಿದು, ಅದು ಅರೆಬರೆ ಎಚ್ಚರದ ಸ್ಥಿತಿಯಲ್ಲಿ ಸಿಲುಕುವುದುಂಟು; ತಂತಿಯಲ್ಲಿ ಸರಣಿಯಾಗಿ 1 ಕಿಲೋಓಮ್ ರೋಧಕವಿದ್ದರೆ ಈ ಹರಿವು ತಗ್ಗುತ್ತದೆ. ಸ್ಟಾರ್ಟರ್ ಮತ್ತು ತ್ರೀಫೇಸ್ ತಂತಿಗಳ ಕೆಲಸವನ್ನು ಅರ್ಹ ವಿದ್ಯುತ್ ಕೆಲಸಗಾರರೇ ಮಾಡಬೇಕು.

ಸಾಮಾನ್ಯ ತೊಂದರೆಗಳು

* ಏನೂ ತಲುಪದಿದ್ದರೆ: ಟಿಎಕ್ಸ್ ಟಿಎಕ್ಸ್‌ಗೇ ಜೋಡಣೆಯಾಗಿರಬಹುದು ಅಥವಾ ತಪ್ಪು ಪಿನ್ ಆರಿಸಿರಬಹುದು.
* ಅರ್ಥವಿಲ್ಲದ ಚಿಹ್ನೆಗಳು ಬಂದರೆ: ಬಾಡ್ ದರಗಳು ಹೊಂದಿಲ್ಲ ಅಥವಾ ಗ್ರೌಂಡ್ ತಂತಿ ಕೂಡಿಲ್ಲ.
* ಇಂಗ್ಲಿಷ್ ಸರಿಯಿದ್ದು ಕನ್ನಡ ಮಾತ್ರ ಕೆಟ್ಟರೆ: ದತ್ತಾಂಶ ಬಿಟ್‌ಗಳ ಸಂಖ್ಯೆ ಏಳಾಗಿರಬಹುದು ಅಥವಾ ಪರದೆಯ ಪ್ರೋಗ್ರಾಂ ಯುಟಿಎಫ್-8 ಗುರುತಿಸದಿರಬಹುದು.
* ಆರಂಭದಲ್ಲಿ ಸರಿಯಿದ್ದು ಉದ್ದನೆಯ ಸಂದೇಶಗಳು ಮಾತ್ರ ತುಂಡಾದರೆ: ಬಫರ್ ತುಂಬುತ್ತಿದೆ, ಪ್ರೋಗ್ರಾಂನಲ್ಲಿ ದೀರ್ಘ ಡಿಲೇ ಆದೇಶಗಳಿವೆಯೇ ಎಂದು ನೋಡಬೇಕು.
* ಊನೊಗೆ ಪ್ರೋಗ್ರಾಂ ತುಂಬಲಾಗದಿದ್ದರೆ: 0ನೇ ಪಿನ್‌ನ ತಂತಿಯನ್ನು ಕಳಚಿ ಮತ್ತೆ ಪ್ರಯತ್ನಿಸಬೇಕು.

ದೋಷ ಯಾವ ಬೋರ್ಡ್‌ನಲ್ಲಿದೆ ಎಂದು ತಿಳಿಯಲು, ಇಎಸ್‌ಪಿ32ರಂತಹ ಬೋರ್ಡ್‌ನ ಒಂದೇ ಯುಎಆರ್‌ಟಿಯ ಟಿಎಕ್ಸ್ ಮತ್ತು ಆರ್‌ಎಕ್ಸ್ ಪಿನ್‌ಗಳನ್ನು ಪರಸ್ಪರ ಜೋಡಿಸಿ, ಕಳುಹಿಸಿದ್ದು ಹಿಂದಿರುಗಿ ಬರುತ್ತದೆಯೇ ಎಂದು ಪರೀಕ್ಷಿಸಬಹುದು. ಊನೊದ ಸಾಫ್ಟ್‌ವೇರ್‌ಸೀರಿಯಲ್ ಏಕಕಾಲದಲ್ಲಿ ಕಳುಹಿಸುವ ಮತ್ತು ಪಡೆಯುವ ಸಾಮರ್ಥ್ಯ ಹೊಂದಿಲ್ಲದ ಕಾರಣ ಅದಕ್ಕೆ ಈ ಪರೀಕ್ಷೆ ಅನ್ವಯಿಸದು.

ಇತರ ವಿಧಾನಗಳೊಂದಿಗೆ ಹೋಲಿಕೆ

ಐ2ಸಿ ಮತ್ತು ಎಸ್‌ಪಿಐ ಎಂಬ ವಿಧಾನಗಳಲ್ಲಿಯೂ ಬಿಟ್‌ಗಳು ಸರಣಿಯಾಗಿಯೇ ಸಾಗುತ್ತವೆ. ಆದರೆ ಅವುಗಳಲ್ಲಿ ಗಡಿಯಾರಕ್ಕೆ ಪ್ರತ್ಯೇಕ ತಂತಿ ಇದ್ದು, ಒಂದು ಬೋರ್ಡ್ ಕಾಲವನ್ನು ನಿರ್ಧರಿಸಿದರೆ ಇನ್ನೊಂದು ಅದನ್ನು ಅನುಸರಿಸುತ್ತದೆ. ಹಾಗಾಗಿ ಬಾಡ್ ದರ ಹೊಂದಿಸುವ ಅಗತ್ಯ ಬರುವುದಿಲ್ಲ. ಐ2ಸಿಯಲ್ಲಿ ಎರಡೇ ಸಂಜ್ಞಾ ತಂತಿಗಳ ಮೇಲೆ ಅನೇಕ ಸಾಧನಗಳನ್ನು ವಿಳಾಸದ ಮೂಲಕ ಗುರುತಿಸಬಹುದು. ಎಸ್‌ಪಿಐ ಹೆಚ್ಚು ವೇಗವುಳ್ಳದ್ದು, ಆದರೆ ಹೆಚ್ಚು ತಂತಿಗಳನ್ನು ಬೇಡುತ್ತದೆ. ಯುಎಆರ್‌ಟಿಯಲ್ಲಿ ಎರಡೂ ಬೋರ್ಡ್‌ಗಳು ಸಮಾನ ಸ್ಥಾನದಲ್ಲಿದ್ದು, ಯಾವುದು ಯಾವಾಗ ಬೇಕಾದರೂ ಸಂದೇಶ ಆರಂಭಿಸಬಹುದು. ಸ್ವತಂತ್ರವಾಗಿ ಕೆಲಸ ಮಾಡುವ ಎರಡು ಬೋರ್ಡ್‌ಗಳನ್ನು ಜೋಡಿಸಲು ಈ ವಿಧಾನವನ್ನು ಮೊದಲು ಆರಿಸಿಕೊಳ್ಳುವುದಕ್ಕೆ ಈ ಗುಣವೇ ಮುಖ್ಯ ಕಾರಣ.